ಕೈ ಇಡೋ ಹೊತ್ತು

ನೀವು ಬಯಲು ಬಯಲು ಅಂತೀರಲ್ಲ, ಅದು ಬಯಲಲ್ಲ. ನಿಮ್ಮ ಬಯಲಿಗೆ ಒಂದು ಕೊನೆ ಇರ್ತೈತೆ. ಕೊನ್ಯಾಗೆ ಒಂದು ಗುಡ್ಡ ಇರ್ತೈತೆ, ಗುಡ್ಡ ಇಲ್ದಿದ್ರೆ ಒಂದು ಹುಣಸೆಮರನಾದ್ರೂ ಇರ್ತೈತೆ. ನಮ್ಮ ಬಯಲಿಗೆ ಅದೇನೂ ಇರ್ಲಿಲ್ಲ. ಹುಲ್ಲು, ಹುಲ್ಲಿನ ಮ್ಯಾಲೆ ಗಾಳಿ, ಗಾಳಿ ಮ್ಯಾಲೆ ಆಕಾಶ. ಅದ್ರ ನಡೂಕೆ ಒಂದು ಬಾವಿ, ಬಾವಿ ಮ್ಯಾಲೊಂದು ನೀರೆತ್ತೋ ಏತ. ಆ ಸೀಮ್ಯಾಗೆ ನೆಟ್ಟಗೆ ನಿಂತಿದ್ದು ಅಂದ್ರೆ ಏತದ ಮರ ಒಂದು. ಅದು ಬಿಟ್ರೆ ನಾನು.

ಹೌದು, ನಾನೇ. ನನ್ನಂಥ ಕುರಿಕಾಯೋನು ಆ ಬಯಲಾಗೆ ಹಿಂದೆ ಹುಟ್ಟಿರ್ಲಿಲ್ಲ, ಮುಂದೆ ಹುಟ್ಟಾಕಿಲ್ಲ. ನನ್ನ ತುಪ್ಪಳದ ಹೊದಿಕೆಗೆ ಹಿಡಿದಷ್ಟು ಕುರಿಚರ್ಮದಾಗೆ ಬೇರೆಯೋರು ಗುಡಾರ ಹಾಕ್ತಿದ್ರು. ಚಳಿ ಬಂದ್ರೆ ತುಪ್ಪಳ ಒಳಗ್ ಮಾಡಿ ಹೊದಿಯೋದು, ಮಳೆ ಬಂದ್ರೆ ತುಪ್ಪಳ ಆಚೆ ಮಾಡಿ ಹೊದಿಯೋದು. ಅದನ್ನ ಹೊದ್ದು ನಾನು ನಿಂತ್ರೆ ಕುರಿಗಳು ನನ್ನ ನೆರಳಾಗೆ ಮಲಗ್ತಿದ್ವು. ನಮ್ಮ ಕುರಿ ಅಂದ್ರೆ ತಿರುಪುಕೊಂಬಿನ ಕುರಿ, ಬಟ್ಟೆ ಹಿಂಡಿದಂಗೆ ಸುತ್ತಿಕೊಂಡು ಆಕಾಶಕ್ಕೆ ಹೋಗೋ ಕೊಂಬು. ಮಂದೆ ಬಗ್ಗಿ ಮೇಯ್ತಿದ್ರೆ ಬಯಲಿಗೆ ಬಯಲೇ ಕೊಂಬು ಬಿಟ್ಟಂಗೆ ಕಾಣೋದು.

ಆ ಬಯಲಿಗೆ ಒಂದು ಕಟ್ಟುಕಟ್ಟಳೆ ಇತ್ತು. ತಲೆ ಮ್ಯಾಲೆ ಕೈ ಇಡಬಾರ್ದು.

ಗಂಡ ಹೆಂಡ್ರ ತಲೆ ಮ್ಯಾಲೆ ಇಡಬಾರ್ದು. ತಾಯಿ ಕೂಸಿನ ತಲೆ ಮ್ಯಾಲೆ ಇಡಬಾರ್ದು. ಕಾಯೋನು ನಾಯಿ ತಲೆ ಮ್ಯಾಲೆ ಇಡಬಾರ್ದು. ಬೆನ್ನು ತಟ್ಟು, ಕೈ ಹಿಡ್ಕೋ, ತೊಡೆ ಮ್ಯಾಲೆ ಮಲಗಿಸ್ಕೋ, ಬ್ಯಾಡ ಅಂದೋರ್ಯಾರು. ತಲೆ ಮಾತ್ರ ಬ್ಯಾಡ. ಕೂಸಿನ ಕೂದ್ಲು ಬಾಚೋದು ಕೂಡ ಕೊಂಬಿನ ಬಾಚಣಿಗ್ಯಾಗೆ, ಬೆರಳು ತಾಗದಂಗೆ.

ಕೈ ಇಡೋದು ಒಂದೇ ಸಲ. ಉಸ್ರು ಹೋಗೋ ಹೊತ್ನಾಗೆ. ಕೈ ಇಟ್ಟ ತಲೆ ಕೈ ಹಿಂದೆ ಬರ್ತೈತೆ ಅನ್ನೋದು ನಮ್ಮೋರ ಮಾತು. ಹೋಗೋ ಜೀವಕ್ಕೆ ಆ ಬಿಸುಪೇ ದಾರಿ, ಅದನ್ನ ಹಿಡ್ಕಂಡು ಅದು ಹೋಗೋ ಜಾಗಕ್ಕೆ ಹೋಗ್ತೈತೆ. ಕೈ ಇಲ್ದೆ ಹೋದದ್ದು ಗಾಳ್ಯಾಗೆ ಸುತ್ತುತೈತೆ. ಇನ್ನ ಬದುಕಿರೋ ತಲೆ ಮ್ಯಾಲೆ ಇಟ್ರೆ ಅದು ತನ್ನ ಕೆಲ್ಸ ಮರೀತೈತೆ, ತನ್ನ ಮಂದೆ ಮರೀತೈತೆ, ಕೈ ಎಲ್ಲಿ ಹೋಗ್ತೈತೋ ಅಲ್ಲಿ ಹೋಗ್ತೈತೆ. ಬಯಲಾಗೆ ಎಲ್ರೂ ಕೈ ಹಿಂದೆ ತಿರುಗಿದ್ರೆ ಕುರಿ ಕಾಯೋರ್ಯಾರು.

ಕೈ ಇಟ್ಟ ಕೂಡ್ಲೆ ಏತದಜ್ಜಿ ಏತದ ಮೂತಿ ಬಾವಿಯೊಳಿಕ್ಕೆ ಇಳಿಸಿ ಕಟ್ತಿದ್ಲು. ಏತದಜ್ಜಿ ಅಂದ್ರೆ ಬಾವಿ ಪಕ್ಕದ ಜೊಂಡಿನ ಗುಡಿಸ್ಲಾಗೆ ಇದ್ದ ಮುದುಕಿ. ಬಯಲಿನ ಕಟ್ಟು ಅವ್ಳ ಬಾಯಾಗೆ ಇತ್ತು. ಏತದ ಮರ ನೆಟ್ಟಗಿದ್ರೆ ಎಲ್ಲ ಚೆನ್ನಾಗವ್ರೆ ಅಂತ. ಮೂತಿ ಇಳೀತು ಅಂದ್ರೆ ಯಾರೋ ಹೋದ್ರು ಅಂತ. ಎಷ್ಟೋ ದೂರದ ಮಂದೆಯೋರು ಆಕಾಶ ನೋಡಿ, ಏತ ಕಾಣದಿದ್ರೆ ಟೋಪಿ ತೆಗೆದು ನಿಲ್ತಿದ್ರು. ಬಯಲಾಗೆ ಮನುಷ್ಯ ಸುಳ್ಳು ಹೇಳ್ತಿದ್ದ, ನಾನೂ ಹೇಳ್ತಿದ್ದೆ. ಏತ ಸುಳ್ಳು ಹೇಳ್ತಿರ್ಲಿಲ್ಲ.

ಈಗ ನಾಯಿ ವಿಚಾರ.

ನಮ್ಮ ಕಡೆ ಕಾವಲುನಾಯೀನ ಸಾಕೋದು ನಾವಲ್ಲ, ಕುರಿ. ನಾಯಿಮರಿ ಕಣ್ಣು ಬಿಡೋದ್ಕೆ ಮುಂಚೇನೆ ತಂದು ಈದ ಕುರಿ ಕೆಚ್ಚಲಿಗೆ ಬಿಡೋದು. ಕುರಿ ಹಾಲು ಕುಡೀತೈತೆ, ಕುರಿ ಹೊಟ್ಟೆಗೆ ಒತ್ಕಂಡು ಮಲಗ್ತೈತೆ, ತಾನೂ ಕುರಿ ಅಂದ್ಕಂಡು ಬೆಳೀತೈತೆ. ಹೆಸ್ರಿಡಂಗಿಲ್ಲ. ಬೆಳ್ದಂಗೆ ಬೆಳ್ದಂಗೆ ಮೈಮ್ಯಾಗಿನ ಬಿಳಿ ಕೂದ್ಲು ಹೊಸ್ಕಂಡು ಜಡೆ ಕಟ್ತೈತೆ, ಮೂಗಿನ ಮ್ಯಾಲಿಂದ ಬಾಲದ ತುದಿವರ್ಗೂ ಜಡೆ. ಅದ್ಕೇ ಜಡೆನಾಯಿ ಅನ್ನೋದು. ತೋಳದ ಹಲ್ಲು ಆ ಜಡೇಲಿ ಸಿಕ್ಕಂಡು ಚರ್ಮ ಮುಟ್ಟಾಕಿಲ್ಲ. ತೋಳ ಬರ್ತೈತೆ, ಮಂದೆ ನೋಡ್ತೈತೆ, ಎಲ್ಲ ಕುರಿ ಅಂದ್ಕಂತೈತೆ. ಅದ್ರಾಗೊಂದು ಕುರಿ ತಿರುಗಿ ನೋಡ್ತೈತೆ ನೋಡಿ, ಅಷ್ಟೆ.

ನನ್ನ ಜಡೆನಾಯಿ ಬಯಲಿಗೇ ದೊಡ್ಡದು. ಅದು ಎದ್ದು ನಿಂತ್ರೆ ಕುರಿ ನಡೂಕೆ ಬಣವೆ ಎದ್ದಂಗೆ. ಅದು ನನ್ನ ಮುಖ ನೋಡೋದು, ನಾನು ಅದ್ರ ಮುಖ ನೋಡೋದು. ಅಷ್ಟೇ ನಮ್ಮಿಬ್ರ ಮಾತು. ತೋಳ ಅಟ್ಟಿ ಬಂದ ದಿನ ನಾನು ಅದ್ರ ಮುಂದೆ ಎಲುಬು ಎಸ್ದು ದೂರ ನಿಲ್ತಿದ್ದೆ. ಕೈ ಮಾತ್ರ ಹೊದಿಕೆ ಒಳಗೆ.

ನನಗೂ ನನ್ನ ಹೆಂಡ್ತಿಗೂ ಒಂದು ಕೂಸಿತ್ತು. ಗಂಡು. ನಡಿಯಾಕೆ ಇನ್ನೂ ಬರ್ತಿರ್ಲಿಲ್ಲ, ಕುರಿ ತುಪ್ಪಳ ಹಿಡ್ಕಂಡು ನಿಲ್ತಿತ್ತು. ಒಂದು ಚಳಿಗಾಲ ಅದ್ರ ಎದೆ ಗೊರಗೊರ ಅನ್ನಾಕೆ ಹತ್ತಿತು. ನಮ್ಮೋಳು ಕೂಸನ್ನ ತೊಡೆ ಮ್ಯಾಲೆ ಹಾಕ್ಕಂಡು, ಕೈ ಅದ್ರ ತಲೆ ಮ್ಯಾಲೆ ಒಂದು ಹುಲ್ಲುಕಡ್ಡಿ ಅಂತರದಾಗೆ ಹಿಡ್ಕಂಡು ಕುಂತಿದ್ಲು. ಏತದಜ್ಜಿ ಬಂದು ಎದೆಗೆ ಕಿವಿ ಇಟ್ಲು.

"ಇಡ್ಲಾ ಅಜ್ಜಿ?" ಅಂದ್ಲು ನಮ್ಮೋಳು.

"ಬ್ಯಾಡ ಕಣವ್ವ. ಇನ್ನೂ ಹೊತ್ತೈತೆ" ಅಂದ್ಲು ಅಜ್ಜಿ. "ಬದುಕೋ ಕೂಸಿನ ತಲೆ ಮ್ಯಾಲೆ ಕೈ ಇಟ್ಟು ಕೆಡಿಸ್ಬ್ಯಾಡ."

ಅಜ್ಜಿ ಕಡಾಯಿಯಾಗೆ ನೀರು ಬಿಸಿ ಮಾಡಾಕೆ ಆ ಕಡೆ ತಿರುಗಿದ್ಲು. ನಾನು ಸೌದೆ ಮುರೀತಿದ್ದೆ. ನಮ್ಮೋಳ ಕೈ ಗಾಳ್ಯಾಗೇ ಇತ್ತು. ಕೂಸು ಹೋಯ್ತು.

ಆವತ್ತಿಂದ ಆ ಕೈ ಹಂಗೇ ಉಳೀತು. ಹಿಟ್ಟು ತಿರುವೋಳು, ಉಣ್ಣೆ ನೂಲೋಳು, ಹಾಲು ಕರೆಯೋಳು, ಎಲ್ಲ ಮಾಡೋಳು. ಗಾಳಿ ಎದ್ರೆ ಮಾತ್ರ ಕೆಲ್ಸ ಬಿಟ್ಟು ಆಚೆ ಹೋಗಿ ನಿಲ್ಲೋಳು. ಮೊಣಕಾಲಿನ ಎತ್ತರಕ್ಕೆ ಕೈ ಚಾಚ್ಕಂಡು, ಅಂಗೈ ಕೆಳಗ್ ಮಾಡ್ಕಂಡು. ಕೂಸು ನಿಂತ್ರೆ ಅಷ್ಟೆತ್ತರ ಇರ್ತಿತ್ತು. ನಾನು ಬೈತಿದ್ದೆ. ಒಲೆ ಮ್ಯಾಲೆ ಇಟ್ಟದ್ದು ಹತ್ತಿಹೋಗ್ತೈತೆ ಅಂತಿದ್ದೆ. ಅವ್ಳು ನಗ್ತಿರ್ಲಿಲ್ಲ, ಅಳ್ತಿರ್ಲಿಲ್ಲ, ಒಳಿಕ್ಕೆ ಬಂದು ಕಡಾಯಿ ಕಲಸೋಳು.

ಒಂದಿನ ಬೆಳಿಗ್ಗೆ ಮಂಜು ಬಿತ್ತು. ಎಂಥ ಮಂಜು ಅಂತೀರ, ನನ್ನ ಕೋಲಿನ ತುದಿ ನನಗೇ ಕಾಣ್ತಿರ್ಲಿಲ್ಲ. ಆ ಮಂಜೊಳಗೆ ತೋಳ ಬಂದ್ವು. ಒಂದಲ್ಲ, ಗುಂಪು. ಕುರಿ ಓಡೋದು ಕೇಳ್ತು, ಹಲ್ಲು ಕಟಕಟ ಅನ್ನೋದು ಕೇಳ್ತು. ನಾನು ಕೋಲು ಬೀಸ್ಕಂಡು ನುಗ್ಗಿದೆ, ಒಂದು ತೋಳದ ಸೊಂಟ ಮುರ್ದೆ. ನಂಬೋದಾದ್ರೆ ನಂಬಿ, ಬಿಟ್ರೆ ಬಿಡಿ. ಮಂಜು ಕರಗಿದಾಗ ಕುರಿ ಎಲ್ಲ ಇದ್ವು. ಜಡೆನಾಯಿ ಬಿದ್ದಿತ್ತು. ತೋಳಗಳು ಜಡೆ ಇಲ್ಲದ ಕಡೆ ನೋಡಿ ಹಿಡ್ದಿದ್ವು, ಹೊಟ್ಟೆ ಕೆಳಗೆ. ಬಿಳಿ ಜಡೆ ಅಷ್ಟೂ ಕೆಂಪಗೆ ನೆಂದಿತ್ತು.

ನಮ್ಮೋಳು ನನ್ನ ಹೊದಿಕೆ ಕಿತ್ಕಂಡು ಅದ್ರ ಮ್ಯಾಲೆ ಹಾಕಿದ್ಲು. ಪಕ್ಕದ ಮಂದೆಯ ಕೆಂಪುಹೊದಿಕೆಯೋನು ಓಡಿ ಬಂದ. ಅವನು ನನ್ನ ಬಾವ ಆಗ್ಬೇಕು, ಬಾಯಿ ಜಾಸ್ತಿ.

"ಇನ್ನೆಲ್ಲಿ ಏಳ್ತೈತೆ ಬಾವ ಇದು" ಅಂದ.

"ನನ್ನ ನಾಯಿ ಹಂಗೆಲ್ಲ ಹೋಗಾಕಿಲ್ಲ. ನಿನ್ನದಾಗಿದ್ರೆ ತೋಳದ ವಾಸ್ನೆಗೇ ಹೋಗಿರ್ತಿತ್ತು."

"ನನ್ನದು ತೋಳದ ವಾಸ್ನೆ ಬಂದ್ರೆ ಓಡ್ತೈತೆ. ಅದ್ಕೇ ದಿನಾ ಉಣ್ತೈತೆ."

ಹಂಗೆ ಅಂದ ಅವನು, ಅಂದ್ಬಿಟ್ಟು ಟೋಪಿ ತೆಗೆದು ಕೈಯಾಗೆ ಹಿಡ್ಕಂಡ. ಏತದಜ್ಜಿ ಬಂದ್ಲು. ಮಂಡಿಯೂರಿ ನಾಯಿ ಬಾಯಿಗೆ ಕಿವಿ ಕೊಟ್ಲು. ಉಸ್ರು ನಿಲ್ಲೋದು, ಮತ್ತೆ ಎಳೆಯೋದು. ನಿಲ್ಲೋದು, ಎಳೆಯೋದು. ನಿಂತಾಗೆಲ್ಲ ನಮ್ಮ ಉಸ್ರೂ ನಿಲ್ತಿತ್ತು.

"ಹೋಗ್ತೈತೆ" ಅಂದ್ಲು ಅಜ್ಜಿ. "ಆದ್ರೆ ತಡೀರಿ. ಇನ್ನೂ ಹೊತ್ತೈತೆ."

ಅದೇ ಮಾತು. ಅದೇ ಬಾಯಿ.

ನಮ್ಮೋಳು ಅಜ್ಜಿ ಮುಖ ನೋಡಿದ್ಲು. ಆಮ್ಯಾಲೆ ನಾಯಿ ಮುಖ ನೋಡಿದ್ಲು. ಕೈ ಚಾಚಿದ್ಲು, ಆ ಕೈನೇ. ಜಡೆ ಸರಿಸಿ, ಎರಡು ಕಿವಿ ನಡೂಕೆ, ತಲೆ ಮ್ಯಾಲೆ ಇಟ್ಲು. ಇಟ್ಟೋಳು ತೆಗೀಲಿಲ್ಲ. ಬೆರಳು ಒಳಿಕ್ಕೆ ಇಳಿಸಿದ್ಲು. ಅವ್ಳ ಬಾಯಿಂದ ಒಂದು ಸದ್ದು ಬಂತು. ಅದು ಅಳೂನೂ ಅಲ್ಲ, ಹಾಡೂ ಅಲ್ಲ, ಕೂಸನ್ನ ಮಲಗಿಸೋವಾಗ ಹೆಂಗಸ್ರು ಗಂಟ್ಲಾಗೆ ಒಂದು ಸದ್ದು ಮಾಡ್ತಾರಲ್ಲ, ಅದು. ನಾಯಿ ಒಂದು ದೊಡ್ಡ ಉಸ್ರು ಬಿಡ್ತು. ಎಲ್ಲ ಮುಗೀತು ಅಂದ್ಕಂಡ್ವಿ.

"ಇಟ್ಟಾಯ್ತಲ್ಲ" ಅಂದ್ಲು ಅಜ್ಜಿ. ಎದ್ದು ಹೋಗಿ ಏತದ ಮೂತಿ ಇಳಿಸಿ ಕಟ್ಟಿದ್ಲು. ಬಯಲಿನ ಅಷ್ಟು ಮಂದೆಯೋರೂ ಟೋಪಿ ತೆಗೆದ್ರು.

ಮರುದಿನ ನಾನು ಗುಂಡಿ ತೋಡಾಕೆ ಗುದ್ಲಿ ತಗಂಡು ಹೋದ್ರೆ ನಾಯಿ ಎದ್ದು ಕುಂತಿತ್ತು.

ಕುಂತು, ನನ್ನ ಕಡೆ ನೋಡ್ಲಿಲ್ಲ, ಮಂದೆ ಕಡೇನೂ ನೋಡ್ಲಿಲ್ಲ. ನಮ್ಮೋಳ ಗುಡಾರದ ಬಾಗ್ಲು ನೋಡ್ತಿತ್ತು. ಅವ್ಳು ಆಚೆ ಬಂದ್ಲು. ನಾಯಿ ಬಾಲ ಅಲ್ಲಾಡಿಸ್ತು. ನಾನು ಬದುಕಿನಾಗೆ ಮೊದಲ್ನೇ ಸಲ ಜಡೆನಾಯಿ ಬಾಲ ಅಲ್ಲಾಡಿಸಿದ್ದು ನೋಡಿದ್ದು. ಕುರಿ ಅಂದ್ಕಂಡು ಬೆಳ್ದ ನಾಯಿಗೆ ಬಾಲ ಅಲ್ಲಾಡಿಸೋದು ಯಾರು ಹೇಳ್ಕೊಟ್ರೋ.

ಗಾಯ ಒಣಗ್ತಾ ಬಂತು. ನಾಯಿ ಅವ್ಳ ಹಿಂದೇನೆ. ಅವ್ಳು ಬಾವಿಗೆ ಹೋದ್ರೆ ಬಾವಿಗೆ, ಸಗಣಿ ತಟ್ಟೋಕೆ ಹೋದ್ರೆ ಅಲ್ಲಿಗೆ. ಅವ್ಳು ಕುಂತ್ರೆ ತಲೆ ತಂದು ಅವ್ಳ ಕೈ ಕೆಳಗೆ ಇಡೋದು. ಇನ್ನೇನು, ಒಂದ್ಸಲ ಇಟ್ಟಾಗಿತ್ತಲ್ಲ, ಅವ್ಳು ಮತ್ತೆ ಮತ್ತೆ ಇಟ್ಲು. ಜಡೆ ಒಂದೊಂದೇ ಬಿಡಿಸಿ ಮುಳ್ಳು ತೆಗ್ಯೋಳು. ಅದ್ರ ಜೊತೆ ಮಾತಾಡೋಳು.

ಮಂದೆ ಮಾತ್ರ ಅದನ್ನ ಸೇರಿಸ್ಲಿಲ್ಲ. ಅದು ಹತ್ರ ಹೋದ್ರೆ ಕುರಿ ಬೆದರಿ ಒಂದ್ರ ಮ್ಯಾಲೊಂದು ಬೀಳ್ತಿದ್ವು. ಹಾಲು ಕುಡಿಸಿ ಸಾಕಿದ ಮುದಿಕುರಿ ಕೂಡ ಕಾಲು ಕುಟ್ಟಿ ಕೊಂಬು ತೋರ್ಸ್ತು. ನಾನು ಅದ್ರ ಮೈಗೆಲ್ಲ ಕುರಿಹಿಕ್ಕೆ ಬಳಿದೆ. ಕುರಿತುಪ್ಪಳ ಕಟ್ಟಿದೆ. ಕತ್ತಿಗೆ ಹಗ್ಗ ಹಾಕಿ ಮಂದೆ ನಡೂಕೆ ಎಳ್ಕಂಡು ಹೋಗಿ ಕಟ್ಟಿದೆ. ಹಗ್ಗ ಕಡ್ಕಂಡು ಬಂದು ಅವ್ಳ ಕಾಲ ಹತ್ರ ಮಲಗ್ತು, ಹಿಕ್ಕೆ ಸಮೇತ.

"ಏನ್ ಬಾವ, ಕಾವಲು ಯಾರು, ನಾಯೋ ನೀನೋ?" ಅಂದ ಕೆಂಪುಹೊದಿಕೆಯೋನು.

"ನನ್ನ ನಾಯಿ ಸುಧಾರಿಸ್ಕಂತಾ ಐತೆ."

"ಸುಧಾರಿಸ್ಕಂಡ್ ಸುಧಾರಿಸ್ಕಂಡ್ ಸೊಸೆ ಆಗೋಗೈತೆ. ಒಂದು ಬಳೆ ತೊಡಿಸ್ಬಿಡು."

ನಾನು ಕ್ವಾಪದಾಗೆ ಕೋಲೆತ್ತಿದೆ. ಆಗ ಹಿಂದಿಂದ ಒಂದು ಸದ್ದು ಕೇಳ್ತು. ನಮ್ಮೋಳು ನಗ್ತಿದ್ಲು. ಬಾಯಿಗೆ ಸೆರಗು ಅಡ್ಡ ಇಟ್ಕಂಡು, ಮೈ ಕುಲುಕಿಸ್ಕಂಡು. ಕೂಸು ಹೋದ್ಮ್ಯಾಲೆ ಅವ್ಳ ನಗು ನಾನು ಕೇಳಿರ್ಲಿಲ್ಲ. ಕೋಲು ಕೆಳಗಿಳಿಸಿದೆ. ಬಾವನಿಗೆ ಕಡಾಯಿಂದ ಖಾರದ ಬಾಡಿನ ಸಾರು ಬಗ್ಗಿಸಿ ಕೊಟ್ಟೆ. ಅವನು ಹೆದರ್ಕಂಡೇ ಉಂಡ.

ಆ ದಿನಗಳಾಗೆ ಗಾಳಿ ಎದ್ರೂ ಅವ್ಳು ಆಚೆ ಹೋಗಿ ಕೈ ಚಾಚ್ತಿರ್ಲಿಲ್ಲ. ಕೈ ನಾಯಿ ತಲೆ ಮ್ಯಾಲೆ ಇರ್ತಿತ್ತು.

ಕಾವಲಿಲ್ಲದ ಮಂದೆ ಅಂತ ತೋಳಕ್ಕೆ ಗೊತ್ತಾಗದೆ ಇರ್ತೈತಾ. ಒಂದೊಂದೇ ಮರಿ ಕಾಣೆ ಆದ್ವು. ನಾನು ರಾತ್ರಿ ಹಗಲು ಮಂದೆ ಸುತ್ತಿದೆ. ಹೊಸಾ ನಾಯಿಮರಿಯೊಂದನ್ನ ತಂದು ಕುರಿ ಕೆಚ್ಚಲಿಗೆ ಬಿಟ್ಟೆ. ಅದು ಇನ್ನೂ ಕಣ್ಣೇ ಬಿಟ್ಟಿರ್ಲಿಲ್ಲ. ಯಾರು ಕೇಳಿದ್ರೂ ಎಲ್ಲ ಸರಿಯಾಗೈತೆ ಅಂದೆ. ಆದ್ರೆ ಅವ್ಳು ನಾಯಿ ಜೊತೆ ಬಾವಿಗೆ ಹೋಗೋದು ಬಯಲಿಗೇ ಕಾಣ್ತಿತ್ತು. ನಮ್ಮ ಬಯಲಾಗೆ ಬಚ್ಚಿಡಾಕೆ ಒಂದು ಪೊದೆ ಕೂಡ ಇಲ್ಲ.

ಏತದಜ್ಜಿ ಬಂದ್ಲು. ಕುಂತ್ಕೋ ಅಂದ್ರೂ ಕುಂತ್ಕಳ್ಲಿಲ್ಲ.

"ಲೋ ಮಗ" ಅಂದ್ಲು, "ಏತ ಇಳೀತು."

"ಗೊತ್ತು."

"ಅಷ್ಟು ಮಂದೆಯೋರೂ ಟೋಪಿ ತೆಗೆದ್ರು. ಯಾರೋ ಸತ್ರು ಅಂತ ಏತ ಹೇಳ್ತು. ಸತ್ತೋರು ಎಲ್ಲಿ?"

ನಾನು ನಕ್ಕೆ. "ಸಾಯ್ಲಿಲ್ಲ ಅಂತ ಖುಷಿ ಪಡೋದ್ ಬಿಟ್ಟು ಹೆಣ ಕೇಳ್ತೀಯಲ್ಲಜ್ಜಿ. ನನ್ನ ನಾಯಿ ಸಾವನ್ನೇ ಕಚ್ಚಿ ಓಡಿಸ್ತು. ಹೋಗಿ ಹಂಗಂತ ಹೇಳು."

"ಏತ ಒಂದ್ಸಲ ಸುಳ್ಳು ಹೇಳ್ತು ಅಂದ್ರೆ ಇನ್ಮುಂದೆ ಯಾರು ನಂಬ್ತಾರೆ? ಮೂತಿ ಇಳಿದ್ರೆ ಯಾರು ನಿಲ್ತಾರೆ? ಹೋಗೋರ್ನ ಯಾರು ಕಳಿಸ್ತಾರೆ?" ಅಜ್ಜಿ ದನಿ ಜೋರಿರ್ಲಿಲ್ಲ. "ಇಬ್ರಾಗೆ ಒಬ್ರು ಸತ್ತಿರ್ಬೇಕು. ಕೈ ಇಡಿಸ್ಕಂಡ ತಲೆ, ಇಲ್ಲಾಂದ್ರೆ ಇಟ್ಟ ಕೈ. ನಾಯೀನ ನೀನೇ ನಿನ್ನ ಕೋಲಾಗೆ ಮುಗಿಸು. ಇಲ್ಲ, ಇವ್ಳು ಸತ್ತೋಳು ಅಂತ ಬಯಲು ಬಿಟ್ಟು ಹೋಗ್ಬೇಕು. ಹೋದೋಳು ತಿರುಗಿ ಬರಂಗಿಲ್ಲ. ಸತ್ತೋರು ತಿರುಗಿ ಬಂದ್ರೆ ಅಷ್ಟು ಮಂದೆ ನಾಯಿನೂ ಮೈಮ್ಯಾಲೆ ಬಿಡ್ತಾರೆ, ಅದು ನಿನಗೆ ಗೊತ್ತೈತೆ."

"ನನ್ನ ಕಳಿಸು" ಅಂದೆ. "ನಾನ್ ಸತ್ತೆ ಅಂತ ಹೇಳು. ನನ್ನಷ್ಟು ದೊಡ್ಡ ಹೆಣ ಈ ಬಯಲು ನೋಡೇ ಇಲ್ಲ."

"ಕೈ ನಿಂದಲ್ಲ."

ನಮ್ಮೋಳು ಉಣ್ಣೆ ನೂಲ್ತಾ ಕುಂತಿದ್ಲು. ತಲೆ ಎತ್ತದೆ ಅಂದ್ಲು: "ಅಜ್ಜಿ, ನೀನು ಇನ್ನೂ ಹೊತ್ತೈತೆ ಅಂದೆ. ಕೂಸಿನ ಹೊತ್ನಾಗೆ ನಿನ್ನ ಮಾತು ಕೇಳ್ದೆ, ತಡ ಆಯ್ತು. ನಾಯಿ ಹೊತ್ನಾಗೆ ನಿನ್ನ ಮಾತು ಕೇಳ್ಲಿಲ್ಲ, ಮುಂಚೆ ಆಯ್ತು. ಹೊತ್ತು ಅನ್ನೋದು ಎಲ್ಲೈತೆ ಅಂತ ನನ್ನಂಥೋಳಿಗೆ ಹೆಂಗೆ ಗೊತ್ತಾಗ್ಬೇಕು?"

ಏತದಜ್ಜಿ ನಮ್ಮೋಳ ಕೈ ನೋಡಿದ್ಲು. ಆಮ್ಯಾಲೆ ಅಂದ್ಲು, "ನನಗೂ ಗೊತ್ತಾಗಾಕಿಲ್ಲ ಕಣವ್ವ. ಯಾರಾದ್ರೂ ಒಬ್ರು ಹೇಳ್ಬೇಕಲ್ಲ ಅಂತ ಹೇಳ್ತೀನಿ." ಹೇಳಿ, ಕೋಲೂರ್ಕಂಡು ಹೊಂಟೋದ್ಲು. ಬೆನ್ನು ಇನ್ನಷ್ಟು ಬಗ್ಗಿದಂಗೆ ಕಾಣ್ತು.

ನಾನು ಕೋಲು ತಗಂಡೆ. ಯೋಚ್ನೆ ಏನ್ ಮಾಡೋದೈತೆ ಇದ್ರಾಗೆ. ನಾಯಿ ನಾಯಿನೇ, ಹೆಂಡ್ತಿ ಹೆಂಡ್ತೀನೇ. ತೋಳದ ಸೊಂಟ ಮುರಿದ ಕೋಲು ಅದು. ನಾಯೀನ ಜೊಂಡಿನ ತಟ್ಟಿ ಹಿಂದೆ ಕರ್ಕಂಡು ಹೋದೆ. ಅದು ಬರ್ತಿರ್ಲಿಲ್ಲ, ಅವ್ಳ ಸೆರಗಿನ ತುಂಡು ತೋರ್ಸಿ ಕರ್ಕಂಡು ಹೋದೆ. ಗಾಳಿ ತಡಿಯಾಕೆ ಕಟ್ಟಿದ್ದ ತಟ್ಟಿ ಅದು. ಅದ್ರ ಹಿಂದೆ ಏನೂ ಕೇಳಾಕಿಲ್ಲ. ಕೋಲೆತ್ತಿದೆ.

ನಾಯಿ ನನ್ನ ಮುಖ ನೋಡ್ತು. ಆಮ್ಯಾಲೆ ಹತ್ರ ಬಂದು, ತಲೆ ಬಗ್ಗಿಸಿ, ನನ್ನ ಕೈ ಕೆಳಗೆ ಇಡ್ತು. ಕೋಲು ಹಿಡಿದಿರ್ಲಿಲ್ಲವಲ್ಲ, ಆ ಕೈ. ಎಲ್ಲ ಕೈನೂ ಅದಕ್ಕೇ ಇರೋದು ಅಂದ್ಕಂಡಿತ್ತೋ ಏನೋ. ನಾನು ಕೈ ಮ್ಯಾಲಕ್ಕೆ ಎಳ್ಕಂಡೆ. ಕೋಲಿನ ಕೈನೂ ಮ್ಯಾಲೆ, ಬರೀ ಕೈನೂ ಮ್ಯಾಲೆ. ಹಕ್ಕಿ ಬೆದರಿಸಾಕೆ ಹೊಲದಾಗೆ ಬೆರ್ಚಪ್ಪನ್ನ ನಿಲ್ಲಿಸ್ತಾರಲ್ಲ, ಹಂಗೆ ನಿಂತಿದ್ದೆ ನಾನು. ಹಿಂದಿಂದ ನಮ್ಮೋಳು ಬಂದ್ಲು.

"ಕೆಳಗಿಳಿಸು ದೊಡ್ಡ ಮನ್ಷ. ತೋಳು ನೋಯ್ತೈತೆ" ಅಂದ್ಲು.

"ನಡಿ ಆ ಕಡೆ. ಒಂದೇ ಏಟು. ಆಮ್ಯಾಲೆ ಎಲ್ಲ ಮೊದ್ಲಿನಂಗೆ."

"ಮೊದ್ಲಿನಂಗೆ ಅಂದ್ರೆ?"

ನಾನು ಕೋಲು ಇಳಿಸಿದೆ.

"ನಾನು ಕೈ ಇಟ್ಟೆ, ಇದು ಬದುಕ್ತು" ಅಂದ್ಲು. "ನನ್ನ ಕೈಯಾಗೆ ಒಂದಾದ್ರೂ ಬದುಕ್ತಲ್ಲ. ಅದನ್ನ ನೀನು ಹೊಡ್ದು ಹಾಕಿದ್ರೆ ನಾನು ಈ ಬಯಲಾಗೆ ಇದ್ರೂ ಹೋದಂಗೇ. ನಾನು ಇದನ್ನ ಕರ್ಕಂಡು ಹೋಗ್ತೀನಿ."

"ನಾನೂ ಬರ್ತೀನಿ."

"ಸತ್ತೋರ ಜೊತೆ ಬದುಕಿರೋನು ಬರ್ತಾನಾ? ಕುರಿ ಯಾರಿಗೆ ಕೊಡ್ತೀಯ, ಬಾವನಿಗಾ? ತೋಳ ಬಂದ್ರೆ ಅವನ ನಾಯಿಗಿಂತ ಮುಂದೆ ಅವನೇ ಓಡ್ತಾನೆ."

ಆ ಹೊತ್ನಾಗೂ ನಗು ಬಂತು ನನಗೆ. ಅವ್ಳಿಗೂ ಬಂತು. ಆಮ್ಯಾಲೆ ಅವ್ಳು ನನ್ನ ಹೊದಿಕೆ ಅಂಚು ಹಿಡ್ಕಂಡು, ಅದ್ರಾಗಿದ್ದ ಹುಲ್ಲುಮುಳ್ಳು ಕೀಳ್ತಾ ಅಂದ್ಲು.

"ಕುರಿ ಒಂದೇ ಅಲ್ಲ. ಕೂಸು ಇಲ್ಲೇ ಗಾಳ್ಯಾಗೈತೆ. ಇಬ್ರೂ ಹೋಗ್ಬಿಟ್ರೆ ಅದಕ್ಕೆ ಯಾರವ್ರೆ? ಗಾಳಿ ಎದ್ದಾಗ ನೀನೊಂದು ಗಳಿಗೆ ಆಚೆ ನಿಂತ್ಕೋ. ಕೈ ಇಷ್ಟೆತ್ತರಕ್ಕೆ ಹಿಡಿ. ಮ್ಯಾಲಕ್ಕೆ ಹಿಡೀಬ್ಯಾಡ, ನೀನು ಉದ್ದ, ಅದಕ್ಕೆ ಎಟುಕಾಕಿಲ್ಲ."

ನಾನು ಹೂಂ ಅಂದೆ. ಇನ್ನೇನ್ ಅಂತೀರಿ.

ಹೊಂಟ ದಿನ ಬಿಸ್ಲಿತ್ತು. ಬಯಲಿನೋರೆಲ್ಲ ಬಾವಿ ಹತ್ರ ಸೇರಿ, ಬೆನ್ನು ತಿರುಗಿಸಿ ನಿಂತಿದ್ರು. ಸತ್ತೋರು ಹೋಗೋದನ್ನ ನೋಡಬಾರ್ದು. ಬಾವನೂ ಬೆನ್ನು ತಿರುಗಿಸಿದ್ದ, ಅವನ ಭುಜ ಅಲ್ಲಾಡ್ತಿತ್ತು. ಅಜ್ಜಿ ಏತದ ಮೂತಿ ಇಳಿಸಿ ಕಟ್ಟಿದ್ಲು. ಏತ ಇಲ್ಲದ ಆಕಾಶ ಬೋಳುಬೋಳಾಗಿ ಕಾಣ್ತಿತ್ತು. ನಮ್ಮೋಳು ಒಂದು ಉಣ್ಣೆ ಚೀಲ ಹೆಗಲಿಗೆ ಹಾಕಿದ್ಲು, ಅದ್ರಾಗೆ ಒಣಗಿಸಿದ ಕುರಿಮಾಂಸ, ಉಣ್ಣೆ ನೂಲೋ ಕದರು. ಪಕ್ಕದಾಗೆ ಜಡೆನಾಯಿ.

ನನ್ನ ಮುಂದೆ ಬಂದು ನಿಂತ್ಲು. ತಲೆ ಮ್ಯಾಗಿನ ಸೆರಗು ತೆಗೆದ್ಲು.

"ನಾನ್ ಸತ್ತೋಳ್ ತಾನೆ" ಅಂದ್ಲು. "ಇಡು."

ಎಷ್ಟು ವರ್ಷ ಬಾಳಿದ್ವಿ ನಾವು. ಒಂದೇ ಹೊದಿಕ್ಯಾಗೆ ಮಲಗಿದ್ವಿ, ಒಂದೇ ಕಡಾಯಿಯಾಗೆ ಉಂಡ್ವಿ. ಅವ್ಳ ತಲೆ ಮ್ಯಾಲೆ ನಾನು ಕೈ ಇಟ್ಟೋನಲ್ಲ. ಹಿಂದಿನ ನಾಯಿ ಸಾಯೋವಾಗ ಅದ್ರ ತಲೆ ಮ್ಯಾಲೆ ಇಟ್ಟಿದ್ದೀನಿ. ನಮ್ಮಪ್ಪನ ತಲೆ ಮ್ಯಾಲೆ ಇಟ್ಟಿದ್ದೀನಿ. ಹೋಗೋ ತಲೆ ಹೆಂಗಿರ್ತೈತೆ ಅಂತ ನನ್ನ ಕೈಗೆ ಗೊತ್ತು. ತಣ್ಣಗೆ ಬೆವರಿರ್ತೈತೆ, ಕೈ ಕೆಳಗೆ ಸಣ್ಣದಾಗ್ತಾ ಹೋಗ್ತೈತೆ.

ಇಟ್ಟೆ.

ಬೆಚ್ಚಗಿತ್ತು. ಬೈತಲೆ ಹತ್ರ ಬಿಸ್ಲು ಕುಡಿದು ಇನ್ನೂ ಬೆಚ್ಚಗಿತ್ತು. ಅವ್ಳ ಕೂದ್ಲು ಇಷ್ಟು ಸಣ್ಣ ಎಳೆ ಅಂತ ನನಗೆ ಗೊತ್ತಿರ್ಲಿಲ್ಲ. ನೆತ್ತಿ ಹಿಂದೆ ಒಂದು ಸಣ್ಣ ಉಬ್ಬು ಇತ್ತು. ಯಾವಾಗ ಬಿದ್ದಿದ್ಲೋ, ಸಣ್ಣೋಳಿದ್ದಾಗ ಬಿದ್ದಿರ್ಬೇಕು. ಅದನ್ನೂ ಕೇಳಿರ್ಲಿಲ್ಲ.

"ತಣ್ಣಗೈತಲ್ಲ ನಿನ್ನ ಕೈ, ದೊಡ್ಡ ಮನ್ಷ" ಅಂದ್ಲು ಕೆಳಗಿಂದ.

"ಚಳಿ" ಅಂದೆ.

"ಬಿಸ್ಲೈತೆ."

"ಆದ್ರೂ ಚಳಿ."

ಕೈ ತೆಗೆದೆ. ಅವ್ಳು ಹೋಗ್ಬೇಕಿತ್ತು. ಹೋಗ್ಲಿಲ್ಲ. ನನ್ನ ಕೈನೇ ನೋಡ್ತಾ ನಿಂತ್ಲು. ನಾನು ಕೈ ಈ ಕಡೆ ಸರಿಸಿದ್ರೆ ಅವ್ಳ ಮುಖ ಈ ಕಡೆ ತಿರುಗ್ತು. ಆ ಕಡೆ ಸರಿಸಿದ್ರೆ ಆ ಕಡೆ ತಿರುಗ್ತು. ಒಂದು ಹೆಜ್ಜೆ ನನ್ನ ಕಡೇನೇ ಇಟ್ಲು. ಬೆನ್ನು ತಿರುಗಿಸಿ ನಿಂತೋರ ನಡೂಕಿಂದ ನಾಯಿಗಳು ಗುರ್ ಅನ್ನಾಕೆ ಹತ್ತಿದ್ವು.

"ಕೈ ಮುಚ್ಕೊಳ್ಳೋ ಮಗ" ಅಂದ್ಲು ಅಜ್ಜಿ, ಆ ಕಡೆ ಮುಖ ಮಾಡ್ಕಂಡೇ. "ಮುಚ್ಕೋ. ಅವ್ಳು ಹೋಗ್ಲಿ."

ನಾನು ಕೈನ ಹೊದಿಕೆ ಒಳಿಕ್ಕೆ ಎಳ್ಕಂಡು ಎದೆಗೆ ಒತ್ತಿ ಹಿಡ್ಕಂಡೆ. ಅವ್ಳು ಒಂದು ಗಳಿಗೆ ಹುಡುಕಿದ್ಲು, ದಾರಿ ತಪ್ಪಿದೋರು ನೋಡ್ತಾರಲ್ಲ ಹಂಗೆ. ನಾಯಿ ತಲೆ ತಂದು ಅವ್ಳ ಬೆರಳಿಗೆ ತಾಗಿಸ್ತು. ಅವ್ಳು ಅದ್ರ ತಲೆ ಮ್ಯಾಲೆ ಕೈ ಇಟ್ಕಂಡು ತಿರುಗಿದ್ಲು. ನಾನೂ ಬೆನ್ನು ತಿರುಗಿಸಿದೆ. ಹುಲ್ಲು ಸವರೋ ಸದ್ದು ಕೇಳ್ತಿತ್ತು, ಆಮ್ಯಾಲೆ ಅದು ಗಾಳೀದೋ ಅವ್ಳದೋ ಗೊತ್ತಾಗ್ಲಿಲ್ಲ.

ಹೋಗೋರು ಕಣ್ಣಿಗೆ ಮರೆ ಆಗೋವರ್ಗೂ ಏತ ಎತ್ತಬಾರ್ದು. ನಮ್ಮ ಬಯಲು ಸಪಾಟು, ಮರೆ ಆಗಾಕೆ ಬಲು ಹೊತ್ತು ಬೇಕು. ಹೊತ್ತು ಇಳಿಯೋವಾಗ ಅಜ್ಜಿ ತಿರುಗಿ ನೋಡಿ, ಏತದ ಕಟ್ಟು ಬಿಚ್ಚಿ ಒಳಿಕ್ಕೆ ಹೋದ್ಲು. ಎಲ್ರೂ ಹೋದ್ರು. ಬಾವ ಹೋಗ್ತಾ ನನ್ನ ಬೆನ್ನು ತಟ್ಟಿದ.

ಕುರಿ ಬಾಯಾರಿ ಅರಚ್ತಿದ್ವು. ಬೆಳಿಗ್ಗೆಯಿಂದ ನೀರು ಕಂಡಿರ್ಲಿಲ್ಲ.

ನಮ್ಮ ಏತದ ಗಳ ಎಳೆಯಾಕೆ ಎರಡು ಕೈ ಬೇಕು. ಎಂಥ ಗಟ್ಟಿ ಆಳಿಗೂ ಎರಡು ಕೈ ಬೇಕು, ಮೈಭಾರ ಅಷ್ಟೂ ಹಾಕ್ಬೇಕು. ನಾನು ಒಂದೇ ಕೈಯಾಗೆ ಎಳ್ದೆ. ಬಾನಿ ಇಳಿಸಿದೆ, ಎತ್ತಿದೆ, ತೊಟ್ಟಿಗೆ ಸುರಿದೆ. ಇನ್ನೊಂದು ಕೈ ಹೊದಿಕೆಯಿಂದ ಆಚೆ ತೆಗೀಲಿಲ್ಲ. ಅವ್ಳು ಇನ್ನೂ ಬಯಲು ದಾಟಿರ್ಲಿಲ್ಲವೋ ಏನೋ, ಕೈ ಕಂಡು ತಿರುಗಿ ಬಂದ್ಬಿಟ್ರೆ, ಯಾವ ನಂಬ್ಕೆ ಮ್ಯಾಲೆ ತೆಗೀಲಿ. ಕುರಿ ಅಷ್ಟೂ ಕುಡಿದ್ವು. ಆ ಬಯಲಾಗೆ ಒಂದೇ ಕೈಯಾಗೆ ಏತ ಎಳ್ದೋನು ಯಾವನೂ ಇಲ್ಲ. ಬೇಕಾದ್ರೆ ಹೋಗಿ ಕೇಳಿ. ನಾನು ಇವತ್ತೂ ಹಂಗೇ ಎಳೀತೀನಿ.